ಲೂಪೆ ಹೊದ್ದು ಕುಳಿತ ಚಾಪೆ

ಲೂಪೆ ಸವೇಯಾಳನ್ನು ನಾನು ಮೊದಲು ಕಂಡದ್ದು ೧೯೯೩ರ ಅಕ್ಟೋಬರ್ ತಿಂಗಳ ಒಂದು ಶನಿವಾರ, ಟೆಲಿವಿಷನ್ ಸ್ಟುಡಿಯೋ ಒಂದರ ನೆಲದ ಮೇಲೆ. ಆಗ ನಾನು ಮೈಸೂರಿನ ಹೈಸ್ಕೂಲಿನಿಂದ ನಿವೃತ್ತಳಾಗಿ ಮೇರಿಲೆಂಡಿನ ಜರ್ಮನ್‌ಟೌನಿನಲ್ಲಿ ತಂಗಿ ಉಷಾಳ ಮನೆಗೆ ಬಂದು ವರ್ಷವಾಗಿತ್ತು. ಭಾನುವಾರಗಳಲ್ಲಿ ಸುತ್ತಮುತ್ತಲ ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದೆ. ಆ ಚಾನೆಲ್ಲಿನವರು ಬೇರೆ ಬೇರೆ ದೇಶದವರ ಹಬ್ಬಗಳಿಗೆಂದು ಅರ್ಧ ಗಂಟೆ ಮೀಸಲಿಟ್ಟಿದ್ದರು. ದೀಪಾವಳಿಯ ಹಾಡು ಹೇಳಿಸಲು ಹನ್ನೊಂದು ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ.

ಮಕ್ಕಳು ಸಾಲಾಗಿ ಕುಳಿತಿದ್ದವು. ಎತ್ತರದ, ದಪ್ಪ ಮೈಕಟ್ಟಿನ ಹೆಂಗಸೊಬ್ಬಳು, ಕರಿಯ ಕೋಟು ತೊಟ್ಟವಳು, ನೆಲಕ್ಕೆ ಮಂಡಿಯೂರಿ ನಾಲ್ಕು ವರ್ಷದ ನಿಧಿಯ ಕಾಲ್ಗೆಜ್ಜೆಯ ಕೊಂಡಿ ಸಿಕ್ಕಿಸುತ್ತಿದ್ದಳು. ಅವಳನ್ನು ಆಯಾ ಎಂದುಕೊಂಡು, "ಕುಡಿಯಲು ಸ್ವಲ್ಪ ನೀರು ಬೇಕಾಗಿತ್ತು" ಎಂದೆ. ಅವಳು ಎದ್ದು ಹೋಗಿ ತಂದುಕೊಟ್ಟಳು. ಐದು ನಿಮಿಷದ ಮೇಲೆ ಕ್ಯಾಮೆರಾದವನು ಬಂದು, "ಮಿಸ್ ಸವೇಯಾ, ಶುರು ಮಾಡಬಹುದೇ?" ಎಂದು ಅವಳನ್ನೇ ಕೇಳಿದ. ಚಾನೆಲ್ಲಿನ ಕಾರ್ಯಕ್ರಮಗಳಿಗೆಲ್ಲ ಅವಳೇ ಮುಖ್ಯಸ್ಥೆ.

ನಾಚಿಕೆಯಿಂದ ಕ್ಷಮೆ ಕೇಳಲು ಹೋದೆ. ನಾನು ಟೀಚರು ಎಂದು ಹೇಳಿದ ಕೂಡಲೇ, ಕುರ್ಚಿಯಲ್ಲಿ ಕುಳಿತಿದ್ದವಳು ಎದ್ದು ನಿಂತಳು.

"ಕೂತುಕೊಳ್ಳಿ, ಅಮ್ಮ" ಎಂದೆ.

"ಟೀಚರ್ ಎದುರಿಗೆ ಕೂತರೆ ನಮ್ಮಪ್ಪ ಗೋರಿಯಿಂದ ಎದ್ದು ಬಂದು ಕಿವಿ ಹಿಂಡುತ್ತಾರೆ" ಎಂದು ನಕ್ಕಳು.

ಅವಳ ಊರು ಪೆಸಿಫಿಕ್ ಸಾಗರದ ನಡುವಿನ ಸಮೋವಾ ದ್ವೀಪ. ತಂದೆ ಹಳ್ಳಿಯ ಶಾಲೆಯ ಮೇಷ್ಟ್ರು. ಅವಳಿಗೆ ಹನ್ನೆರಡು ವರ್ಷವಾಗಿದ್ದಾಗ ಸರ್ಕಾರ ದ್ವೀಪದ ಶಾಲೆಗಳಿಗೆಲ್ಲ ಟೆಲಿವಿಷನ್ ಪೆಟ್ಟಿಗೆ ಹಾಕಿಸಿತಂತೆ. ಪಾಠವೆಲ್ಲ ಪೆಟ್ಟಿಗೆಯೊಳಗಿನ ಅಮೆರಿಕನ್ನರೇ ಹೇಳುತ್ತಿದ್ದರು. ಇಪ್ಪತ್ತೆರಡು ವರ್ಷ ಪಾಠ ಹೇಳಿದ ಅವಳ ತಂದೆಗೆ ಉಳಿದ ಕೆಲಸ ಎರಡು: ಗಂಟೆ ಹೊಡೆದಾಗ ಗುಂಡಿ ತಿರುಗಿಸುವುದು, ಪಾಠ ಮುಗಿದ ಮೇಲೆ ಮತ್ತೆ ತಿರುಗಿಸುವುದು.

"ಪೆಟ್ಟಿಗೆಯ ಪಕ್ಕದಲ್ಲಿ ಕೈಕಟ್ಟಿ ನಿಂತಿರುತ್ತಿದ್ದರು, ಟೀಚರ್. ಮಕ್ಕಳು ಅವರ ಕಡೆ ನೋಡುತ್ತಿರಲಿಲ್ಲ. ನಾನೂ ನೋಡುತ್ತಿರಲಿಲ್ಲ. ಆ ಪೆಟ್ಟಿಗೆಯ ಒಳಗೆ ಹೋಗಬೇಕು, ಅಲ್ಲಿ ಯಾರು ಮಾತಾಡಬೇಕೆಂದು ಹೇಳುವ ಕುರ್ಚಿಯಲ್ಲಿ ಕೂರಬೇಕು ಎಂದು ಆಗಲೇ ಅಂದುಕೊಂಡೆ."

ಆ ಕುರ್ಚಿಯ ದಾರಿ ಉದ್ದವಾಗಿತ್ತು. ಅಣ್ಣ ಸೈನ್ಯಕ್ಕೆ ಸೇರಿ ನಾರ್ತ್ ಕ್ಯಾರೊಲೈನಾಕ್ಕೆ ಬಂದಾಗ ಅವಳೂ ಬಂದಳು. ಅಲ್ಲಿನ ಸಣ್ಣ ಚಾನೆಲ್ಲೊಂದರಲ್ಲಿ ಟೆಲಿಫೋನ್ ಎತ್ತುವ ಕೆಲಸ, ಶಾರ್ಲೆಟ್ಟಿನಲ್ಲಿ ಟೇಪುಗಳನ್ನು ಜೋಡಿಸಿಡುವ ಕೆಲಸ, ಆಮೇಲೆ ಅಟ್ಲಾಂಟಾದಲ್ಲಿ ಹನ್ನೊಂದು ವರ್ಷ. ಅಟ್ಲಾಂಟಾದಲ್ಲಿ ಅವಳು ಕಾರ್ಯಕ್ರಮ ನಿರ್ಮಾಪಕಿಯಾದ ಮೇಲೂ ಆಫೀಸಿಗೆ ಬಂದವರು ಕೋಟು ಬಿಚ್ಚಿ ಅವಳ ಕೈಗೆ ಕೊಡುತ್ತಿದ್ದರಂತೆ. ಮೇಲಿನ ಅಧಿಕಾರಿ "ನಮ್ಮ ಹವಾಯಿ ಹುಡುಗಿ" ಎಂದು ಪರಿಚಯಿಸುತ್ತಿದ್ದ. ಹವಾಯಿ ಬೇರೆ, ಸಮೋವಾ ಬೇರೆ ಎಂದು ಎರಡು ವರ್ಷ ಹೇಳಿ, ಆಮೇಲೆ ಹೇಳುವುದನ್ನೇ ಬಿಟ್ಟಳು. ಒಂದು ಕ್ರಿಸ್‌ಮಸ್ ಪಾರ್ಟಿಯಲ್ಲಿ ಕಾಗದದ ಹೂವಿನ ಹಾರ ತಂದು ಅವಳ ಕೊರಳಿಗೆ ಹಾಕಿ, ಕುಣಿ ಎಂದರು.

"ಕುಣಿದೆಯಾ?" ಎಂದು ಕೇಳಿದೆ.

"ಕುಣಿದೆ. ಜನವರಿಯಲ್ಲಿ ಪ್ರಮೋಷನ್ ಇತ್ತಲ್ಲ. ಜನವರಿಯಲ್ಲಿ ಅದನ್ನು ಬೇರೆಯವನಿಗೆ ಕೊಟ್ಟರು" ಎಂದು ಮತ್ತೆ ನಕ್ಕಳು. ಅಷ್ಟು ನಗುವಂಥದೇನೂ ಅದರಲ್ಲಿ ಇರಲಿಲ್ಲ.

ಆಮೇಲೆ ತಿಂಗಳಿಗೊಂದು ಸಲ ನಮ್ಮ ಮನೆಗೆ ಬರತೊಡಗಿದಳು. ಉಷಾ ಮಾಡಿದ ಬಿಸಿಬೇಳೆಬಾತನ್ನು ಮೂರು ಸಲ ಹಾಕಿಸಿಕೊಂಡು ತಿನ್ನುವಳು. ಒಮ್ಮೆ ನಾನು ಅವಳ ಮನೆಗೆ ಹೋದಾಗ, ಪೆಟ್ಟಿಗೆಯೊಂದನ್ನು ತೆರೆದು ಬಿಳಿಯ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಚಾಪೆಯನ್ನು ತೋರಿಸಿದಳು. ಕೇದಗೆಯ ಜಾತಿಯ ಗರಿಯನ್ನು ನೂಲಿನಷ್ಟು ಸಣ್ಣಗೆ ಸೀಳಿ ಹೆಣೆದದ್ದು. ಮುಟ್ಟಿದರೆ ಹಳೆಯ ರೇಷ್ಮೆಯಂತಿತ್ತು. ಅಂಚಿನಲ್ಲಿ ಹಕ್ಕಿಯ ಕೆಂಪು ಗರಿಗಳ ಸಾಲು. ಅವಳ ಅಜ್ಜಿ ಅದನ್ನು ನಾಲ್ಕು ವರ್ಷ ಹೆಣೆದಿದ್ದಳಂತೆ.

"ಇದರ ಮೇಲೆ ಯಾರೂ ಕೂರುವುದಿಲ್ಲ. ನಮ್ಮ ಮನೆತನದ ಮರ್ಯಾದೆಯೆಲ್ಲ ಇದರಲ್ಲಿದೆ" ಎಂದಳು. ನಮ್ಮಲ್ಲಿ ಮದುವೆಯ ಧಾರೆ ಸೀರೆಯನ್ನು ಎತ್ತಿಡುವ ಹಾಗೆ ಎಂದುಕೊಂಡೆ. ಹೆಚ್ಚು ಕೇಳಲಿಲ್ಲ. ಕೇಳಬೇಕಾಗಿತ್ತು.

೧೯೯೬ರಲ್ಲಿ ಸುದ್ದಿ ವಿಭಾಗವೂ ಅವಳ ಕೈಗೆ ಬಂತು. ಚಾನೆಲ್ಲಿನ ಜನರಲ್ ಮ್ಯಾನೇಜರು ಮರುವರ್ಷ ಏಪ್ರಿಲಿನಲ್ಲಿ ನಿವೃತ್ತನಾಗುವವನಿದ್ದ. ಆ ಜಾಗ ಅವಳಿಗೇ ಎಂದು ಮಾತಾಗಿತ್ತು. ಆ ಕುರ್ಚಿಯ ಮೇಲೆ ಇನ್ನು ಯಾವ ಕುರ್ಚಿಯೂ ಇರಲಿಲ್ಲ.

೧೯೯೭ರ ಜನವರಿ ಕೊನೆಯ ವಾರ, ಪಕ್ಕದೂರಿನಲ್ಲಿ ರಸ್ತೆ ದಾಟುತ್ತಿದ್ದ ಹನ್ನೊಂದು ವರ್ಷದ ಹುಡುಗಿಗೆ ಯಾರೋ ಕಾರು ಗುದ್ದಿ ನಿಲ್ಲಿಸದೆ ಹೊರಟುಹೋದ. ಹುಡುಗಿ ಸತ್ತಳು. ಕಾರಿನವನು ಕೃಷ್ಣ ಪ್ರಸಾದ್ ಎಂಬವನು ಎಂದು ಪೊಲೀಸರು ಹೆಸರು ಕೊಟ್ಟರು, ಚಿತ್ರ ಕೊಡಲಿಲ್ಲ. ಆ ಹೆಸರಿನವರು ನಮ್ಮ ಸುತ್ತಿನಲ್ಲಿ ಇಬ್ಬರಿದ್ದರು. ಗುದ್ದಿದವನು ಫಿಜಿ ದೇಶದಿಂದ ಬಂದವನು. ಇನ್ನೊಬ್ಬರು ನಿಧಿಯ ತಂದೆ, ನಮ್ಮ ಮೈಸೂರಿನ ಕೃಷ್ಣಪ್ರಸಾದ. ಜರ್ಮನ್‌ಟೌನಿನ ಔಷಧಿ ಪ್ರಯೋಗಾಲಯದ ಕಂಪ್ಯೂಟರ್ ವಿಭಾಗದಲ್ಲಿದ್ದರು. ಜೋರಾಗಿ ಸೀನಿದರೂ ಪಕ್ಕದ ಮನೆಯವರಿಗೆ ಸಾರಿ ಹೇಳುವಂಥ ಮನುಷ್ಯ.

ಸಂಜೆ ಆರರ ಸುದ್ದಿಯಲ್ಲಿ ಕೃಷ್ಣಪ್ರಸಾದರ ಮುಖ ಬಂತು. ಕೆಳಗೆ ದೊಡ್ಡಕ್ಷರದಲ್ಲಿ, ಮಗುವನ್ನು ಕೊಂದು ಓಡಿಹೋದವನು ಎಂದಿತ್ತು. ಹೆಂಡತಿ ಶ್ರೀಲತಾ, ಮಗಳು ನಿಧಿ, ಅವರು, ಮೂವರೂ ಸೋಫಾದಲ್ಲಿ ಕುಳಿತು ಉಪ್ಪಿಟ್ಟು ತಿನ್ನುತ್ತ ಅದನ್ನು ನೋಡಿದರು.

ತಪ್ಪು ಒಂದು ಗಂಟೆಯೊಳಗೆ ಚಾನೆಲ್ಲಿನವರಿಗೆ ಗೊತ್ತಾಯಿತು. ಚಿತ್ರವನ್ನು ತೆಗೆದರು. ತಪ್ಪಾಯಿತು ಎಂದು ಹೇಳಲಿಲ್ಲ. ಹಾಗೆ ಹೇಳಿದರೆ ಒಪ್ಪಿಕೊಂಡಂತಾಗುತ್ತದೆ, ಕೋರ್ಟಿಗೆ ಎಳೆಯುತ್ತಾರೆ ಎಂದು ಕಂಪನಿಯ ವಕೀಲ ತಡೆದ. ಮಾರನೆಯ ದಿನ ನಿಜವಾದವನು ಸಿಕ್ಕಿಬಿದ್ದ. ಆದರೆ ಜನ ನೋಡಿದ್ದ ಮುಖ ಕೃಷ್ಣಪ್ರಸಾದರದು.

ಅವರ ಕಾರಿನ ಬಾಗಿಲ ಮೇಲೆ ಯಾರೋ ಕೆಂಪು ಬಣ್ಣದಲ್ಲಿ 'ಮಕ್ಕಳನ್ನು ಕೊಲ್ಲುವವನು' ಎಂದು ಬರೆದರು. ಪ್ರಯೋಗಾಲಯದವರು, ಗಲಾಟೆ ತಣ್ಣಗಾಗುವವರೆಗೆ ಬರಬೇಡ ಎಂದರು. ವೀಸಾ ಇದ್ದದ್ದು ಆ ಕೆಲಸದ ಮೇಲೆ. ನಮ್ಮವರು ಏನು ಮಾಡಿದರು ಎಂಬುದನ್ನೂ ಬರೆಯಬೇಕು. ದಿನವೂ ಅವರ ಕಾರಿನಲ್ಲೇ ಕೆಲಸಕ್ಕೆ ಹೋಗುತ್ತಿದ್ದ ಗುರುರಾಜ, ಅದೇ ಅಪಾರ್ಟ್‌ಮೆಂಟಿನ ಮೇಲಿನ ಮನೆಯವನು, ಮೆಟ್ಟಿಲ ಮೇಲೆ ನಿಂತು ನನ್ನ ಎದುರಿಗೇ ಹೇಳಿದ:

"ಬೇಜಾರ್ ಮಾಡ್ಕೋಬೇಡ ಕೃಷ್ಣ. ನೀನಲ್ಲ ಅಂತ ನಂಗೊತ್ತು. ಆದ್ರೆ ನನ್ ಗ್ರೀನ್ ಕಾರ್ಡ್ ಪ್ರೋಸೆಸ್ ನಡೀತಿದೆ ನೋಡು. ನಿನ್ ಜೊತೆ ಯಾರಾದ್ರೂ ನೋಡಿದ್ರೆ ಸುಮ್ನೆ ಕಾಂಪ್ಲಿಕೇಟ್ ಆಗತ್ತೆ."

"ಸಾರಿ, ಗುರು" ಎಂದರು ಕೃಷ್ಣಪ್ರಸಾದ.

ಫೆಬ್ರವರಿ ಆರನೆಯ ತಾರೀಖು ಮಧ್ಯಾಹ್ನ, ಕಾರು ನಿಲ್ಲಿಸುವ ಜಾಗದಲ್ಲಿ ಆ ಬರಹವನ್ನು ಉಜ್ಜುತ್ತ ಉಜ್ಜುತ್ತ ಕುಸಿದರು. ಹೃದಯ ನಿಂತಿತ್ತು. ಮೂವತ್ತೆಂಟು ವರ್ಷ. ಮೊದಲ ನಾಲ್ಕು ಅಕ್ಷರ ಮಾತ್ರ ಅಳಿಸಿದ್ದವು.

ಹತ್ತನೆಯ ದಿನ ಲೂಪೆ ನನಗೆ ಫೋನು ಮಾಡಿದಳು. ಅವಳ ದನಿ ಗುರುತು ಸಿಗಲಿಲ್ಲ.

"ಟೀಚರ್, ಆ ದಿನ ಆ ಹೆಸರಿನ ಇಬ್ಬರ ಚಿತ್ರವನ್ನೂ ಎಲ್ಲಿಂದಲೋ ಹುಡುಕಿ ತಂದು ನನ್ನ ಮೇಜಿನ ಮೇಲಿಟ್ಟರು. ಬೇರೆ ಚಾನೆಲ್ಲಿನವರು ಮೊದಲು ಹಾಕಿಬಿಡುತ್ತಾರೆ ಎಂದು ಜನರಲ್ ಮ್ಯಾನೇಜರು ಫೋನಿನಲ್ಲಿ ಕೂಗುತ್ತಿದ್ದ. ಬೆರಳಿಟ್ಟು ಇವನೇ ಎಂದವಳು ನಾನು. ಎರಡು ಮುಖವನ್ನೂ ಸರಿಯಾಗಿ ನೋಡಲಿಲ್ಲ. ನನ್ನನ್ನು ಹವಾಯಿಯವಳು ಎಂದವರೂ ಹೀಗೇ ನೋಡಿರಬೇಕು. ಸತ್ತವರು ಆ ಗೆಜ್ಜೆಯ ಮಗುವಿನ ತಂದೆ ಎಂದು ನಿನ್ನೆ ಗೊತ್ತಾಯಿತು."

ನಾನು ಫೋನಿನ ಪಕ್ಕದ ಸ್ಟೂಲು ಎಳೆದುಕೊಂಡು ಕೂತೆ.

"ಆ ಮನೆಯವರ ಹತ್ತಿರ ನಮ್ಮಲ್ಲಿ ಯಾರಾದರೂ ಮಾತಾಡಿದರೆ ಕೆಲಸದಿಂದ ತೆಗೆಯುತ್ತೇನೆ ಎಂದು ವಕೀಲ ಕಾಗದ ಕೊಟ್ಟಿದ್ದಾನೆ. ನಾನು ಹೋಗಬೇಕು. ನಿಮ್ಮಲ್ಲಿ ಸಾವಾದ ಮನೆಗೆ ಯಾವ ದಿನ ಹೋಗಬಹುದು?"

"ಹದಿಮೂರನೆಯ ದಿನ ಮೈಲಿಗೆ ಕಳೆಯುತ್ತದೆ. ಆ ದಿನ ಯಾರು ಬೇಕಾದರೂ ಬರಬಹುದು" ಎಂದೆ.

"ಬಾಗಿಲು ಎಷ್ಟು ಹೊತ್ತಿಗೆ ತೆರೆಯುತ್ತದೆ?"

"ಬೆಳಗಾಗುತ್ತಲೇ. ಹೊಸಲು ತೊಳೆದು ರಂಗೋಲಿ ಹಾಕಬೇಕಲ್ಲ."

ಹೂವು ತರುತ್ತಾಳೆ ಎಂದುಕೊಂಡೆ. ಎರಡು ಮಾತು ಆಡಿ ಅತ್ತು ಹೋಗುತ್ತಾಳೆ ಎಂದುಕೊಂಡೆ. ಕುರ್ಚಿ ಹೋಗುವುದಂತೂ ಖಂಡಿತ. ಅದು ತಿಳಿದೇ ಅವಳು ಹೊರಟಿದ್ದಾಳೆ ಎಂದು ಮನಸ್ಸಿನಲ್ಲೇ ಮೆಚ್ಚಿಕೊಂಡೆ. ಶ್ರೀಲತಾಳಿಗೆ ಒಂದು ಮಾತು ಮೊದಲೇ ತಿಳಿಸಿಟ್ಟಿದ್ದರೆ? ತಿಳಿಸಲಿಲ್ಲ. ದುಃಖದ ಮನೆಯಲ್ಲಿ ಅದೇಕೆ ಎಂದು ಸುಮ್ಮನಾದೆ.

ಹದಿಮೂರನೆಯ ದಿನ ಬೆಳಗ್ಗೆ ಏಳಕ್ಕೆ ಮೊದಲೇ ನಾನೂ ಉಷಾಳೂ ಆ ಮನೆಗೆ ಹೋದೆವು. ಚಳಿ ಎಷ್ಟಿತ್ತೆಂದರೆ ಹುಲ್ಲಿನ ಮೇಲೆ ಹಿಮ ಗಾಜಿನ ಪುಡಿಯಂತೆ ಕೂತಿತ್ತು. ನೆಲಮಟ್ಟದ ಮನೆ. ಬಾಗಿಲು ನೇರವಾಗಿ ಹೊರಗಿನ ಸಿಮೆಂಟು ಹಾದಿಗೆ ತೆರೆಯುತ್ತಿತ್ತು. ನಾವು ತಲುಪುವ ಹೊತ್ತಿಗೆ ಬಾಗಿಲು ತೆರೆದಿತ್ತು. ಕೃಷ್ಣಪ್ರಸಾದರ ಅಣ್ಣ ದತ್ತಾತ್ರೇಯ, ಹತ್ತಿರದ ಸ್ಟರ್ಲಿಂಗ್ ಊರಿನಲ್ಲಿರುವವರು, ಕರ್ಮಗಳನ್ನೆಲ್ಲ ಮಾಡಿದವರು, ಹೊಸಲಿನಲ್ಲಿ ನೀರಿನ ಬಕೆಟ್ಟು ಹಿಡಿದು ನಿಂತಿದ್ದರು. ಅವರ ಮುಖ ಸುಣ್ಣದಂತಾಗಿತ್ತು.

ಹೊಸಲಿನ ಎದುರಿಗೆ ತಲೆಯಿಂದ ನೆಲದವರೆಗೆ ಚಾಪೆ ಹೊದ್ದ ಒಂದು ಆಕಾರ ಮಂಡಿಯೂರಿ ಬಾಗಿ ಕುಳಿತಿತ್ತು. ಮುಖವಿಲ್ಲ, ಕೈಕಾಲಿಲ್ಲ. ಚಾಪೆಯ ಮೇಲೆಲ್ಲ ಹಿಮ ಕೂತಿತ್ತು. ಚಾಪೆಯಲ್ಲಿ ಸುತ್ತುವುದು ಯಾರನ್ನು ಎಂಬುದು ನಮ್ಮವರಿಗೆ ಹೇಳಿಕೊಡಬೇಕಾಗಿಲ್ಲ.

"ಯಾರ್ರೀ ಇದು? ಯಾರು ತಂದಿಟ್ರು ಇದನ್ನ?" ದತ್ತಾತ್ರೇಯ ಕೂಗಿದರು. "ಮೈಲಿಗೆ ಕಳ್ದು ಶುಭಕ್ಕೆ ಬಾಗ್ಲು ತೆಗೆದ್ರೆ ಹೊಸಲಲ್ಲಿ ಹೆಣ!"

ಆಗ ಚಾಪೆಯ ಅಂಚಿನ ಕೆಂಪು ಗರಿಗಳು ನನ್ನ ಕಣ್ಣಿಗೆ ಬಿದ್ದವು. ಬಾಯಿ ಮುಚ್ಚಿಕೊಂಡಿದ್ದರೆ ಪೊಲೀಸರನ್ನು ಕರೆಯುತ್ತಿದ್ದರು, ಯಾರೋ ಹುಚ್ಚಿ ಎಂದು ಅಲ್ಲಿಗೆ ಮುಗಿಯುತ್ತಿತ್ತು. ನಾನು ಒಳ್ಳೆಯದಾಗಲೆಂದು, "ಹೆದರಬೇಡಿ, ಇದು ಲೂಪೆ. ಟಿವಿಯವಳು. ನಿಮ್ಮನ್ನು ನೋಡೋಕೆ ಬಂದಿದ್ದಾಳೆ" ಎಂದುಬಿಟ್ಟೆ.

"ಟಿವಿಯವಳಾ?" ದತ್ತಾತ್ರೇಯ ನನ್ನ ಕಡೆ ತಿರುಗಿದರು. "ನನ್ ತಮ್ಮನ್ ಮುಖ ತೋರಿಸಿದೋಳಾ? ಇವತ್ತು ಅವನ್ ಹೆಣದ್ ಥರ ವೇಷ ಹಾಕ್ಕೊಂಡ್ ಬಂದು ಅಣಕ ಮಾಡ್ತಿದ್ದಾಳಾ? ನಿಮ್ ಫ್ರೆಂಡಾ ಟೀಚರಮ್ಮ ಇವಳು?"

"ಅಣಕ ಅಲ್ಲ, ಅವಳ ಕಡೆ ಏನೋ ಪದ್ಧತಿ ಇರಬೇಕು."

"ಏನ್ ಪದ್ಧತಿ? ಹೇಳಿ, ಏನ್ ಪದ್ಧತಿ?"

ನನಗೆ ಗೊತ್ತಿರಲಿಲ್ಲ. "ಲೂಪೆ, ಏನಾದರೂ ಮಾತಾಡು" ಎಂದು ಇಂಗ್ಲಿಷಿನಲ್ಲಿ ಬೇಡಿಕೊಂಡೆ. ಚಾಪೆಯೊಳಗಿಂದ ಒಂದು ಮಾತೂ ಬರಲಿಲ್ಲ.

ಮೇಲಿನ ಮನೆಯ ಮೆಟ್ಟಿಲಿಂದ ಗುರುರಾಜ ಇಳಿದು ಬಂದ. ನಾಮಕರಣ, ಹುಟ್ಟುಹಬ್ಬ, ಎಲ್ಲಕ್ಕೂ ಅವನದೊಂದು ಕ್ಯಾಮ್‌ಕಾರ್ಡರ್ ಇರುತ್ತಿತ್ತು. ಈಗಲೂ ಕೈಯಲ್ಲಿತ್ತು. ಕೆಂಪು ದೀಪ ಉರಿಯುತ್ತಿತ್ತು.

"ಆಫ್ ಮಾಡಪ್ಪ ಅದನ್ನ" ಎಂದಳು ಉಷಾ.

"ಎವಿಡೆನ್ಸ್ ಬೇಕಾಗತ್ತೆ ಆಂಟಿ. ಇದು ಮಾಟಾನೋ ಏನೋ. ಹವಾಯಿ ಕಡೆ ಇವೆಲ್ಲ ಮಾಡ್ತಾರಂತೆ."

ಬಾಗಿಲಿನೊಳಗಿಂದ ಶ್ರೀಲತಾ ಬಂದು ನಿಂತಳು. ಅವಳ ಸೆರಗಿನ ಪಕ್ಕದಿಂದ ನಿಧಿ ಇಣುಕಿದಳು. ಅವಳಿಗೆ ಆಗ ಎಂಟು ವರ್ಷ. ಚಾಪೆಯನ್ನು ತುಸು ಹೊತ್ತು ನೋಡಿ, ಮೆಲ್ಲಗೆ, "ಅಮ್ಮ, ಇಸ್ ದಟ್ ಅಪ್ಪ? ಅಪ್ಪ ವಾಪಸ್ ಬಂದ್ರಾ?" ಎಂದು ಕೇಳಿದಳು.

ನಿಧಿ ಒಂದು ಹೆಜ್ಜೆ ಮುಂದಿಟ್ಟು ಚಾಪೆಯ ಅಂಚಿಗೆ ಕೈ ಚಾಚಿದಳು. ಶ್ರೀಲತಾ ಅವಳ ರಟ್ಟೆ ಹಿಡಿದು ಎಳೆದಳು. ಎಳೆದ ರಭಸಕ್ಕೆ ಮಗು ಬಾಗಿಲ ಚೌಕಟ್ಟಿಗೆ ತಾಗಿ ಅತ್ತಿತು. ಬಾಗಿಲು ಧಡಾರನೆ ಮುಚ್ಚಿಕೊಂಡಿತು. ದತ್ತಾತ್ರೇಯ ಹೊರಗೇ ಉಳಿದಿದ್ದರು. ಹೊಸಲು ತೊಳೆಯಲು ತಂದಿದ್ದ ಬಕೆಟ್ಟು ನೀರನ್ನು ಪೂರ್ತಿಯಾಗಿ ಆ ಚಾಪೆಯ ಮೇಲೆ ಸುರಿದರು. ಅವರು ಕೆಟ್ಟವರಲ್ಲ. ಹದಿಮೂರು ದಿನ ತಮ್ಮನಿಗಾಗಿ ಅವರು ಅತ್ತದ್ದನ್ನು ನಾವು ಯಾರೂ ಕಂಡಿರಲಿಲ್ಲ, ಆ ಹೊತ್ತು ನೀರು ಸುರಿಯುತ್ತ ಅತ್ತರು.

ಚಾಪೆ ಅಲುಗಲಿಲ್ಲ.

ಯಾರು ಕರೆದರೋ, ಇಪ್ಪತ್ತು ನಿಮಿಷಕ್ಕೆ ಪೊಲೀಸರು ಬಂದರು. ಒಬ್ಬ ಬಾಗಿ ಚಾಪೆಯ ತುದಿ ಹಿಡಿದು ಎತ್ತಿದ. ಲೂಪೆ ತಲೆಯೆತ್ತಿದಳು. ತುಟಿ ನೀಲಿಯಾಗಿತ್ತು, ಹುಬ್ಬಿನಲ್ಲಿ ನೀರು ಹೆಪ್ಪುಗಟ್ಟಿತ್ತು. ಆದರೂ ಆ ಮುಖದಲ್ಲಿ ಒಂದು ನಗು ಅರಳಿತು. ಅಂಥ ನಗುವನ್ನು ಅವಳ ಮುಖದಲ್ಲಿ ನಾನು ಅದುವರೆಗೆ ನೋಡಿರಲಿಲ್ಲ. ಮರುಕ್ಷಣ ಎದುರಿಗಿರುವುದು ಪೊಲೀಸಿನವನ ಬೆಲ್ಟು ಎಂದು ಅವಳಿಗೆ ಕಂಡಿತು. ನಗು ಹೋಯಿತು.

ಅದರ ಅರ್ಥ ನನಗೆ ತಿಳಿದದ್ದು ಮಾರನೆಯ ದಿನ, ಆಸ್ಪತ್ರೆಯಲ್ಲಿ. ಅವರಲ್ಲಿ ಒಬ್ಬರಿಂದ ಇನ್ನೊಬ್ಬರ ಜೀವ ಹೋದರೆ, ತಪ್ಪು ಮಾಡಿದವರು ಬೆಳಕು ಹರಿಯುವ ಮುಂಚೆ ಮನೆತನದ ಅತ್ಯುತ್ತಮ ಚಾಪೆಯನ್ನು ತಲೆಯ ಮೇಲೆ ಹೊದ್ದು ಸತ್ತವರ ಮನೆಯ ಮುಂದೆ ಕೂರಬೇಕು. ಮಾತಾಡಬಾರದು. ಮನೆಯವರು ಹೊಡೆಯಬಹುದು, ಕೊಲ್ಲಲೂಬಹುದು. ಅವರು ಬಂದು ಚಾಪೆಯನ್ನು ಎತ್ತಿದರೆ ಕ್ಷಮಿಸಿದರು ಎಂದು ಅರ್ಥ. ಚಾಪೆ ಅವರದಾಗುತ್ತದೆ.

"ಬೆಳಗಿನ ಜಾವ ನಾಲ್ಕೂವರೆಯಿಂದ ಕೂತಿದ್ದೆ. ಯಾರೋ ಎತ್ತಿದಾಗ ಅವರೇ ಎಂದುಕೊಂಡೆ, ಟೀಚರ್" ಎಂದಳು.

"ನನಗೆ ಮೊದಲೇ ಏಕೆ ಹೇಳಲಿಲ್ಲ, ಲೂಪೆ?"

"ಹೇಳಿದ್ದರೆ ನೀವು ಹೋಗಿ ಅವರಿಗೆ ಕಲಿಸಿಕೊಡುತ್ತಿದ್ದಿರಿ. ಕಲಿಸಿಕೊಟ್ಟು ಎತ್ತಿಸಿದರೆ ಅದು ಕ್ಷಮೆಯಲ್ಲ." ಹೊದಿಕೆಯನ್ನು ಎಳೆದುಕೊಂಡು, "ಆ ಮಗು ಕೈ ಚಾಚಿತ್ತು, ಅಲ್ಲವೇ? ಗೆಜ್ಜೆಯ ಸದ್ದು ಕೇಳಿಸಿತು" ಎಂದಳು. ನಿಧಿ ಆ ದಿನ ಗೆಜ್ಜೆ ಹಾಕಿರಲಿಲ್ಲ. ಹಾಕಿದ್ದಳು ಎಂದೆ.

ಗುರುರಾಜ ಆ ಟೇಪನ್ನು ಎದುರಾಳಿ ಚಾನೆಲ್ಲಿಗೆ ಕೊಟ್ಟ. ತನ್ನ ಹೆಸರು ಅಮೆರಿಕದ ಟಿವಿಯಲ್ಲಿ ಬಂತೆಂದು ನಾಲ್ಕು ಮನೆಯವರನ್ನು ಕರೆದು ತೋರಿಸಿದ. ಚಾಪೆ ಹೊದ್ದ ಟಿವಿ ಅಧಿಕಾರಿಣಿಯ ಮೇಲೆ ನೀರು ಬೀಳುವುದನ್ನು ಮೂರು ದಿನ ತೋರಿಸಿದರು. ಕೊನೆಗೆ ಹಾಸ್ಯ ಕಾರ್ಯಕ್ರಮದಲ್ಲೂ ಬಂತು. ಹಿನ್ನೆಲೆಗೆ ಹವಾಯಿಯ ಗಿಟಾರು ಹಾಕಿದ್ದರು. ಲೂಪೆಯ ಚಾನೆಲ್ಲಿನವರು ಅವಳನ್ನು ತೆಗೆದುಹಾಕಿ, ಆ ಚಿತ್ರದ ತಪ್ಪು ಮಾನಸಿಕ ಸ್ಥಿಮಿತವಿಲ್ಲದ ಒಬ್ಬ ಉದ್ಯೋಗಿಯದು ಎಂದು ಕಾಗದ ಹೊರಡಿಸಿದರು. ಕೃಷ್ಣಪ್ರಸಾದರ ಹೆಸರು ಆ ಕಾಗದದಲ್ಲಿ ಇರಲಿಲ್ಲ. ಅವರು ನಿರಪರಾಧಿ ಎಂದು ಇವತ್ತಿನವರೆಗೂ ಆ ಪೆಟ್ಟಿಗೆ ಹೇಳಿಲ್ಲ. ಏಪ್ರಿಲಿನಲ್ಲಿ ಆ ಕುರ್ಚಿಯಲ್ಲಿ ಲೂಪೆಯ ಕೆಳಗಿದ್ದವನೊಬ್ಬ ಕುಳಿತ.

ಚಾಪೆಯನ್ನು ದತ್ತಾತ್ರೇಯ ಕಸದ ದೊಡ್ಡ ಡಬ್ಬಕ್ಕೆ ಎಸೆದಿದ್ದರು. ಉಷಾ ಎತ್ತಿಕೊಂಡು ಬಂದಳು. ಬಚ್ಚಲಿನಲ್ಲಿ ಒಂಬತ್ತು ದಿನ ಒಣಗಿಸಿದೆವು. ಕೆಂಪು ಗರಿಗಳ ಬಣ್ಣ ಹರಿದು ಒಂದು ಅಂಚಿಗೆ ಕಲೆಯಾಯಿತು. ಲೂಪೆ ಅದನ್ನು ಮುಟ್ಟಲಿಲ್ಲ. "ಆ ಹೊಸಲಿನ ಹತ್ತಿರ ಒಯ್ದ ಮೇಲೆ ಅದು ನನ್ನದಲ್ಲ. ಅವರದೂ ಆಗಲಿಲ್ಲ. ಅವರು ತೆಗೆದುಕೊಳ್ಳುವವರೆಗೆ ನಿಮ್ಮಲ್ಲಿರಲಿ" ಎಂದಳು.

ಶ್ರೀಲತಾ ಮಗಳನ್ನು ಕರೆದುಕೊಂಡು ಮಾರ್ಚಿನಲ್ಲಿ ಮೈಸೂರಿಗೆ ಹೋದಳು. ಲೂಪೆಗೆ ಕೂರಲು ಇದ್ದ ಹೊಸಲೂ ಹೋಯಿತು. ಈಗ ಆ ಮನೆಯಲ್ಲಿ ಬೇರೆ ಯಾರೋ ಇದ್ದಾರೆ.

ಹೋದ ವರ್ಷ ನಾನು ಶ್ರೀಲತಾಳಿಗೆ ನಾಲ್ಕು ಪುಟದ ಪತ್ರ ಬರೆದೆ. ಆ ಪದ್ಧತಿಯನ್ನು ವಿವರಿಸಿದೆ. ಚಾಪೆಯನ್ನು ಕಳಿಸಲೇ ಎಂದು ಕೇಳಿದೆ. ಇನ್‌ಲ್ಯಾಂಡಿನಷ್ಟು ಚಿಕ್ಕ ಕಾಗದದಲ್ಲಿ ಉತ್ತರ ಬಂತು. 'ಟೀಚರ್, ನನಗೆ ಅರ್ಥವಾಯಿತು. ಆದರೆ ಅದನ್ನು ಎತ್ತಬೇಕಾದವರು ನಾನಲ್ಲ, ಅವರು. ಅವರು ಇದ್ದಿದ್ದರೆ ತಾವೇ ಸಾರಿ ಕೇಳಿ ಎತ್ತುತ್ತಿದ್ದರು. ನಾನು ಅವರಷ್ಟು ಒಳ್ಳೆಯವಳಲ್ಲ. ಕಳಿಸಬೇಡಿ.'

ಲೂಪೆ ಈಗ ನಾರ್ತ್ ಕ್ಯಾರೊಲೈನಾದಲ್ಲಿ, ತಾನು ಮೊದಲು ಬಂದಿಳಿದ ಊರಿನಲ್ಲೇ ಇದ್ದಾಳೆ. ಆ ಟೇಪನ್ನು ನೋಡಿದ್ದ ಯಾವ ಚಾನೆಲ್ಲೂ ಅವಳನ್ನು ಒಳಗೆ ಬಿಡಲಿಲ್ಲ. ಒಂದು ಪ್ರಾಥಮಿಕ ಶಾಲೆಯಲ್ಲಿ ಟಿವಿ, ವಿಡಿಯೋ ಯಂತ್ರಗಳ ಉಸ್ತುವಾರಿ ಅವಳದು. ಚಕ್ರದ ಗಾಡಿಯ ಮೇಲಿಟ್ಟ ಟಿವಿಯನ್ನು ಒಂದು ತರಗತಿಯಿಂದ ಇನ್ನೊಂದಕ್ಕೆ ತಳ್ಳಿಕೊಂಡು ಹೋಗುತ್ತಾಳೆ. ಗಂಟೆ ಹೊಡೆದಾಗ ಹಚ್ಚುತ್ತಾಳೆ. ಪಾಠ ಮುಗಿಯುವವರೆಗೆ ಅದರ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದು, ಆರಿಸುತ್ತಾಳೆ. ಮಕ್ಕಳು ಪೆಟ್ಟಿಗೆಯನ್ನು ನೋಡುತ್ತಾರೆ.

ಶನಿವಾರ ಬೆಳಗ್ಗೆ ಹತ್ತಕ್ಕೆ ಫೋನು ಮಾಡುತ್ತಾಳೆ. ಉಷಾಳ ಆರೋಗ್ಯ ಕೇಳುತ್ತಾಳೆ, ನನ್ನ ಮಂಡಿನೋವು ಕೇಳುತ್ತಾಳೆ. ಕೊನೆಗೆ, "ಮೈಸೂರಿನಿಂದ ಏನಾದರೂ ಉತ್ತರ ಬಂತೇ, ಟೀಚರ್?" ಎನ್ನುತ್ತಾಳೆ.

"ಇನ್ನೂ ಇಲ್ಲ, ಲೂಪೆ" ಎನ್ನುತ್ತೇನೆ.

"ಪರವಾಗಿಲ್ಲ. ಅಷ್ಟು ದೂರದಿಂದ ಬರಬೇಕಲ್ಲ" ಎಂದು ಫೋನು ಇಡುತ್ತಾಳೆ.